ಚಂದ್ರನಿಂದ ವಾಪಸ್ ಬರುವಾಗ ಅಪಾಯ ಜಾಸ್ತಿ ಯಾಕೆ?

ಕಾಳಿದಂಡೆ, ಕಾರವಾರ:
ನಿನ್ನೆ ಸಂಜೆ ಬೀಚಲ್ಲಿ ಗೆಳೆಯನ ಜೊತೆ ವಾದ ಆಯಿತು. ಬಾಹ್ಯಾಕಾಶ ನಿಲ್ದಾಣದಿಂದ ಜನ ಆಗಾಗ ಇಳಿಯುತ್ತಾರೆ, ಚಂದ್ರನಿಂದ ಬಂದರೂ ಅದೇ ಗಾಳಿ, ಅದೇ ಸಮುದ್ರ ಅಲ್ವಾ, ಮತ್ತೆ ಅಷ್ಟು ಭಯ ಯಾಕೆ ಅಂತ ಅವನು. ನನಗೆ ಉತ್ತರ ಹೊಳೆಯಲಿಲ್ಲ.

ಕುಮಟಾ ಮಾಸ್ತರ:
ವ್ಯತ್ಯಾಸ ವೇಗದಲ್ಲಿದೆ ತಮ್ಮಾ. ನಿಲ್ದಾಣದಿಂದ ಬರುವ ನೌಕೆಗೆ ಸೆಕೆಂಡಿಗೆ 7.8 ಕಿಮೀ, ಚಂದ್ರನಿಂದ ಬರುವುದಕ್ಕೆ ಸುಮಾರು 11. ಶಕ್ತಿ ಹತ್ತಿರ ಹತ್ತಿರ ಎರಡು ಪಟ್ಟು! ಅಷ್ಟನ್ನೂ ಗಾಳಿಯಲ್ಲೇ ಕಳೆಯಬೇಕು. ಬಿಸಿ ಬರೀ ತಿಕ್ಕಾಟದಿಂದ ಅಂತ ನಾನೂ ಎಷ್ಟೋ ವರ್ಷ ಕ್ಲಾಸಲ್ಲಿ ಹೇಳಿದೆ, ಆದರೆ ಎದುರಿನ ಗಾಳಿ ತಪ್ಪಿಸಿಕೊಳ್ಳಲಾಗದೆ ಅಮುಕಿ ಹೋಗುವುದೇ ಮುಖ್ಯ ಕಾರಣ. ಗಾಳಿಗೆ ನುಗ್ಗುವ ಕೋನವೂ ಸರಿ ಇರಬೇಕು. ಚಂದ್ರನಿಗೆ ಜನರನ್ನು ಒಯ್ದ ಅಪೊಲೊ ನೌಕೆ ಸುಮಾರು ಆರೂವರೆ ಡಿಗ್ರಿಯಲ್ಲಿ ಇಳಿಯುತ್ತಿತ್ತು. ಕಡಿದಾದರೆ ಬಿಸಿಯೂ ಒತ್ತಡವೂ ಮಿತಿ ಮೀರುತ್ತದೆ. ತೀರಾ ಓರೆಯಾದರೆ ಚಪ್ಪಟೆ ಕಲ್ಲು ನೀರಿನ ಮೇಲೆ ಪುಟಿದ ಹಾಗೆ ಮತ್ತೆ ಮೇಲಕ್ಕೆ.

ಶಿರಸಿ ಮಳೆ:
ಮಾಸ್ತರ್ರೇ, ಆ ಪುಟಿತವನ್ನೇ ಬೇಕಂತ ಬಳಸಿದ್ದೂ ಇದೆ. 2022ರಲ್ಲಿ ನಾಸಾದ ಆರ್ಟೆಮಿಸ್ 1 ಚಂದ್ರಯಾನದ ಒರಾಯನ್ ನೌಕೆ, ಒಳಗೆ ಜನ ಇರಲಿಲ್ಲ, ಒಮ್ಮೆ ಗಾಳಿಗಿಳಿದು ಮೇಲೆದ್ದು ಮತ್ತೆ ಇಳಿಯಿತು. ಸುರಕ್ಷಿತವಾಗಿ ಬಂತು ನಿಜ. ಆದರೆ ಶಾಖ ಕವಚದ ಸುಟ್ಟ ಪದರ ನೂರಕ್ಕೂ ಹೆಚ್ಚು ಕಡೆ ಚೂರಾಗಿ ಉದುರಿತ್ತು. ಕವಚದೊಳಗೆ ಹುಟ್ಟಿದ ಅನಿಲ ಹೊರಹೋಗಲಾಗದೆ ಆ ಪದರ ಬಿರುಕು ಬಿಟ್ಟಿತು ಅಂತ ನಾಸಾ 2024ರಲ್ಲಿ ಹೇಳಿತು. ಹಲಸಿನ ಬೇಳೆ ಸೀಳದೆ ಕೆಂಡಕ್ಕೆ ಹಾಕಿದರೆ ಸಿಡಿಯುತ್ತಲ್ಲ, ಸುಮಾರಾಗಿ ಹಾಗೆ.

ಕಾಳಿದಂಡೆ, ಕಾರವಾರ:
ಬೇಳೆ ಉದಾಹರಣೆ ಸಾಕು ಅಕ್ಕಾ, ಗೆಳೆಯನಿಗೆ ಈಗಲೇ ಕಳಿಸಿದೆ.