ಪರ್ವತಾರೋಹಿಗಳು ನಡೆಸುವ ನಾಯಕತ್ವ ಶಿಬಿರ: ಮಾಡಿಸಿದವರು ಅನುಭವ ಹೇಳ್ರಿ

ಕೇಳುತ್ತಿರುವವರು: ಎನ್‌ಎಸ್‌ಎಸ್ ಅಧಿಕಾರಿ, ಪದವಿ ಕಾಲೇಜು, ಕಲಬುರಗಿ

ಎಲ್ಲರಿಗೂ ಶರಣು. ನಮ್ಮ ಕಾಲೇಜಿನ ನಲವತ್ತು ಮಕ್ಕಳಿಗೆ ಡಿಸೆಂಬರ್‌ನಲ್ಲಿ ನಾಯಕತ್ವ ಶಿಬಿರ ಮಾಡಬೇಕಂತ ಇದೆ. ಅರ್ಧಕ್ಕಿಂತ ಜಾಸ್ತಿ ಹೆಣ್ಣುಮಕ್ಕಳು, ದಿನಾ ಹಳ್ಳಿಯಿಂದ ಬಸ್ಸಿಗೆ ಬಂದು ಹೋಗುವವರು. ನನ್ನ ಮುಂದೆ ಇಬ್ಬರಿದ್ದಾರೆ. ಎವರೆಸ್ಟ್ ಹತ್ತಿದವರೊಬ್ಬರು ಸಭಾಂಗಣದಲ್ಲಿ ಎರಡು ತಾಸು ಮಾತಾಡಿ ಫೋಟೊ ತೋರಿಸುತ್ತಾರೆ. ಹಿಮಾಲಯದಲ್ಲೂ ಅಂಟಾರ್ಕ್ಟಿಕಾದಲ್ಲೂ ತಂಡ ನಡೆಸಿರುವ ಇನ್ನೊಬ್ಬರು ಮೂರು ದಿನ ಮಕ್ಕಳನ್ನು ಹೊರಗೆ ಕರೆದೊಯ್ಯುತ್ತೇವೆ ಅಂತಾರೆ, ಆದರೆ ಖರ್ಚು ನಾಲ್ಕು ಪಟ್ಟು. ಆಡಳಿತ ಮಂಡಳಿಯವರಿಗೆ ಮಾತು ಸಾಕು ಅನಿಸಿದೆ. ಪಾಲಕರು "ಗುಡ್ಡ ಹತ್ತಿಸಿ ಏನು ಕಲಿಸ್ತೀರಿ?" ಅಂತ ಕೇಳುತ್ತಿದ್ದಾರೆ. ಇಂಥವರನ್ನು ಕರೆಸಿದವರು, ಇಂಥವರ ಕೈಕೆಳಗೆ ಕಲಿತವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಯಾರನ್ನು ಆರಿಸಲಿ, ಅವರನ್ನು ಏನಂತ ಕೇಳಲಿ?

ಬೀದರ್, ಸಹಕಾರಿ ಬ್ಯಾಂಕಿನ ತರಬೇತಿ ವಿಭಾಗ

ಮೇಡಂ, ನಮ್ಮ ಸಿಬ್ಬಂದಿಗೆ ಎರಡೂ ಮಾಡಿಸಿದ್ದೇವೆ. ಭಾಷಣದ ದಿನ ಚಪ್ಪಾಳೆ ಜೋರಾಗಿತ್ತು, ಎಲ್ಲರೂ ಸಾಲುಗಟ್ಟಿ ಸೆಲ್ಫಿ ತೆಗೆಸಿಕೊಂಡರು. ಹದಿನೈದು ದಿನದ ಮೇಲೆ ವಿಚಾರಿಸಿದರೆ ಯಾರ ಕೆಲಸದಲ್ಲೂ ಅದರ ಗುರುತಿರಲಿಲ್ಲ.

ಹೊರಗಿನ ಶಿಬಿರದ ಕಥೆ ಬೇರೆ. ಬಂದ ಪರ್ವತಾರೋಹಿ ಮೊದಲ ದಿನವೇ ನಾಯಕತ್ವವನ್ನು ನಮ್ಮವರ ಕೈಗೆ ಕೊಟ್ಟುಬಿಟ್ಟರು. ದಿನಕ್ಕೊಬ್ಬರು ನಾಯಕರು. ಯಾವ ದಾರಿ, ಎಲ್ಲಿ ಊಟ, ಎಷ್ಟೊತ್ತಿಗೆ ಹೊರಡುವುದು, ಎಲ್ಲ ತೀರ್ಮಾನ ಅವರದೇ. ತರಬೇತುದಾರರು ಸಾಲಿನ ಕೊನೆಯಲ್ಲಿ ಸುಮ್ಮನೆ ನಡೆದು ಬರುತ್ತಿದ್ದರು. ಅಪಾಯ ಇದ್ದಲ್ಲಿ ಮಾತ್ರ ಬಾಯಿ ಬಿಡುತ್ತಿದ್ದರು.

ಎರಡನೇ ದಿನದ ಸರದಿ ನಮ್ಮ ಕ್ಯಾಷಿಯರ್ ಒಬ್ಬಾಕೆಯದು. ಕೌಂಟರ್ ಬಿಟ್ಟರೆ ಎಲ್ಲೂ ಎರಡು ಮಾತಾಡಿದವಳಲ್ಲ. ನಡುದಾರಿಯಲ್ಲಿ ಎಲ್ಲರನ್ನೂ ನಿಲ್ಲಿಸಿ, "ಬಾಟಲಿ ತೆಗೀರಿ, ಮ್ಯಾಲೆತ್ತಿ ತೋರಿಸ್ರಿ" ಅಂದಳು. ಬಿಸಿಲಿಗೆ ಹಿಡಿದು ಒಂದೊಂದನ್ನೂ ನೋಡಿದಳು. ಇಬ್ಬರ ಬಾಟಲಿ ಖಾಲಿ. ಅದರಲ್ಲಿ ಒಂದು ನಮ್ಮ ಮ್ಯಾನೇಜರ್ ಸಾಹೇಬರದು. ತನ್ನ ಬಾಟಲಿಯಿಂದ ಅರ್ಧ ಅವರಿಗೆ ಸುರಿದು, "ಮುಂದಿನ ಗಿಡದ ನೆರಳಿನ ತನಕ ಯಾರೂ ಮುಂದೆ ಓಡಬ್ಯಾಡ್ರಿ" ಅಂತ ಹೇಳಿ ಹೊರಟಳು. ಸಂಜೆ ಎಲ್ಲರೂ ಸುತ್ತ ಕುಳಿತಾಗ ತರಬೇತುದಾರರು ಆಕೆಗೇ ಮೊದಲು ಕೇಳಿದರು: ಇವತ್ತು ಏನು ನೋಡಿದಿರಿ, ಏನು ತೀರ್ಮಾನ ಮಾಡಿದಿರಿ, ನಾಳೆ ಮತ್ತೆ ನೀವೇ ನಾಯಕಿಯಾದರೆ ಏನು ಬದಲಿಸುತ್ತೀರಿ? ಆಮೇಲೆ ತಂಡದವರ ಸರದಿ. ಆ ಸಂಜೆಯ ಕೂಟವೇ ಇಡೀ ತರಬೇತಿಯ ಜೀವ ಅನ್ನುವುದು ನನ್ನ ಖಚಿತ ಅಭಿಪ್ರಾಯ. ದಿನದ ವೇಳಾಪಟ್ಟಿಯಲ್ಲಿ ಅದಕ್ಕೆ ಒಂದು ತಾಸಾದರೂ ಇಲ್ಲದಿದ್ದರೆ ಅದು ಪ್ರವಾಸ ಅಷ್ಟೇ, ಅದಕ್ಕೆ ಆ ದುಡ್ಡು ಕೊಡಬೇಡಿ.

ಇದು ಹೊಸ ವಿದ್ಯೆಯೂ ಅಲ್ಲ. 1941ರಲ್ಲಿ ಶಿಕ್ಷಣತಜ್ಞ ಕರ್ಟ್ ಹಾನ್ ವೇಲ್ಸ್‌ನ ಅಬೆರ್‌ಡೋವಿಯಲ್ಲಿ ಔಟ್‌ವರ್ಡ್ ಬೌಂಡ್ ಅನ್ನುವ ಶಾಲೆ ಶುರುಮಾಡಿದ್ದು ಹುಡುಗರನ್ನು ಕಡಲು ಮತ್ತು ಬೆಟ್ಟದ ನಡುವೆ ಹೀಗೆ ತಯಾರು ಮಾಡಲಿಕ್ಕೆ. ಪರ್ವತಾರೋಹಿ ಪಾಲ್ ಪೆಟ್ಜೋಲ್ಟ್ 1965ರಲ್ಲಿ ಅಮೆರಿಕದ ವಯೋಮಿಂಗ್‌ನಲ್ಲಿ ನ್ಯಾಷನಲ್ ಔಟ್‌ಡೋರ್ ಲೀಡರ್‌ಶಿಪ್ ಸ್ಕೂಲ್ ಕಟ್ಟಿದರು. ಅಲ್ಲಿ ನಾಯಕತ್ವಕ್ಕೆ ನಾಲ್ಕು ಪಾತ್ರ ಹೇಳುತ್ತಾರೆ: ನೇಮಕಗೊಂಡ ನಾಯಕ, ಚುರುಕಾದ ಅನುಯಾಯಿ, ಸಮಾನರ ನಡುವೆ ಕೈಜೋಡಿಸುವವ, ತನ್ನನ್ನು ತಾನು ನಡೆಸಿಕೊಳ್ಳುವವ. ಎಲ್ಲರೂ ಮುಂದೆ ನಿಲ್ಲಬೇಕಾಗಿಲ್ಲ ಅನ್ನುವುದು ನಮ್ಮ ಮಕ್ಕಳಿಗೆ ತಿಳಿಯುವುದು ಬಹಳ ಮುಖ್ಯ.

ಶಹಾಪುರ, ಹೈಸ್ಕೂಲ್ ಪಿ.ಇ. ಮಾಸ್ತರ್

ಮೇಡಂ, ಬೀದರ್ ಸರ್ ಹೇಳಿದ್ದು ಖರೆ ಅದ. ನಾನು ಹಗ್ಗದ ವಿಷಯ ಅಷ್ಟೇ ಹೇಳ್ತೀನ್ರಿ. ಗುಡ್ಡ ಹುಡುಕ್ಕೋತ ಹಿಮಾಲಯಕ್ಕ ಹೋಗೋ ಜರೂರತ್ ಇಲ್ಲ. ನಮ್ಮ ಶಹಾಪುರದ ಬುದ್ಧ ಮಲಗಿದ ಗುಡ್ಡ ಅದ, ಯಾದಗಿರಿ ಕೋಟೆ ಗುಡ್ಡ ಅದ. ಸ್ವಲ್ಪ ದೂರ ಹೋಗ್ತೀವಿ ಅಂದ್ರ ಬಾದಾಮಿ ಕೆಂಪು ಬಂಡೆಗಲ್ಲು ಅದಾವ, ದೇಶದ ಮಂದಿ ಎಲ್ಲಾ ಹತ್ತಲಿಕ್ಕ ಅಲ್ಲಿಗೇ ಬರ್ತಾರ. ನಮ್ಮ ರಾಜ್ಯದ್ದೇ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಅದ, ಅವರನ್ನೂ ಒಮ್ಮೆ ಕೇಳಿ ನೋಡ್ರಿ.

ಬಂಡೆ ಹತ್ತಿಸೋರು ಹೆಂಗವರು ಅಂತ ಗೊತ್ತಾಗಬೇಕಂದ್ರ ಮೊದಲನೇ ಹತ್ತು ನಿಮಿಷ ನೋಡಿದ್ರ ಸಾಕು. ಛಲೋ ತರಬೇತುದಾರ ಇದ್ದಾರಲ್ಲ, ಅವರು ಹುಡುಗನ ಗಂಟು ತಾವೊಬ್ಬರೇ ನೋಡಿ ಬಿಡಂಗಿಲ್ಲ. ಜೋಡಿ ಮಾಡಿ ನಿಲ್ಲಿಸ್ತಾರ. ಹತ್ತೋ ಹುಡುಗಿ ಎಂಟರ ಆಕಾರದ ಗಂಟು ಹಾಕ್ತಾಳ, ಕೆಳಗ ಹಗ್ಗ ಹಿಡಿಯೋಳು ಅದರ ಎಳಿ ಎರಡೆರಡು ಜೊತಿಜೊತಿಗೆ ಹೋಗ್ಯಾವೇನು ಅಂತ ಬೆರಳಿಟ್ಟು ನೋಡ್ತಾಳ. ಆಮ್ಯಾಲ ಹತ್ತೋ ಹುಡುಗಿ ಹಗ್ಗ ಹಿಡಿಯೋಳ ಕ್ಯಾರಬಿನರ್, ಅಂದ್ರ ಹಗ್ಗ ಸಿಕ್ಕಿಸೋ ಲೋಹದ ಕೊಂಡಿ, ಲಾಕ್ ಆಗ್ಯಾದೇನು ಅಂತ ಒತ್ತಿ ನೋಡ್ತಾಳ. ಇಬ್ಬರೂ "ಹೂಂ" ಅಂದ ಮ್ಯಾಲೇ ಮಾಸ್ತರ್ ಬಂದು ಕಡೀಗೆ ನೋಡೋದು. ಗೆಳತಿ ಜೀವ ನನ್ನ ಕೈಯಾಗ ಅದ ಅನ್ನೋದು ಆ ಹುಡುಗಿಗೆ ಯಾವ ಭಾಷಣದಾಗೂ ತಿಳಿಯಂಗಿಲ್ಲ.

ಡಿಸೆಂಬರ್ ಬರೋಬ್ಬರಿ ಅದ. ಮಾರ್ಚ್ ದಾಟಿದ ಮ್ಯಾಲ ನಮ್ಮ ಕಡಿ ಬಂಡೆ ಮುಟ್ಟಲಿಕ್ಕ ಬರಂಗಿಲ್ಲ.

ಯಾದಗಿರಿ, ನಿವೃತ್ತ ಭೂಗೋಳ ಶಿಕ್ಷಕ

ಎಲ್ಲರೂ ಭಾಷಣವನ್ನು ತೆಗೆದುಹಾಕುತ್ತಿದ್ದೀರಿ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಮಂಜನ್ನೇ ಕಾಣದ ಮಕ್ಕಳಿಗೆ ಅಂಟಾರ್ಕ್ಟಿಕಾ ನಡೆದವರ ಬಾಯಿಂದ ಕೇಳುವ ಭಾಗ್ಯ ಸಣ್ಣದಲ್ಲ. ಆದರೆ ಶಿಖರದ ಫೋಟೊ ತೋರಿಸಬೇಡಿ, ಕಾಯುವುದನ್ನು ಹೇಳಿಕೊಡಿ ಅಂತ ಕೇಳಿಕೊಳ್ಳಿ.

ಅಂಟಾರ್ಕ್ಟಿಕಾ ಅನ್ವೇಷಕ ಷ್ಯಾಕಲ್ಟನ್ ಹೆಸರನ್ನು ನಾಯಕತ್ವ ಕಲಿಸುವವರೆಲ್ಲ ಹೇಳುತ್ತಾರೆ. 1915ರ ಜನವರಿಯಲ್ಲಿ ಅವರ ಎಂಡ್ಯೂರೆನ್ಸ್ ಹಡಗು ವೆಡೆಲ್ ಸಮುದ್ರದ ಹಿಮದಲ್ಲಿ ಸಿಕ್ಕಿಬಿತ್ತು, ನವೆಂಬರ್‌ನಲ್ಲಿ ಮುಳುಗಿತು. ಕೊನೆಗೆ 28 ಜನರೂ ಬದುಕಿ ಬಂದರು. ನನಗೆ ಅದರಲ್ಲಿ ಹೆಚ್ಚು ಹಿಡಿಸುವವರು ಅವರ ಉಪನಾಯಕ ಫ್ರಾಂಕ್ ವೈಲ್ಡ್. ಷ್ಯಾಕಲ್ಟನ್ ಐವರನ್ನು ಕರೆದುಕೊಂಡು ಸಣ್ಣ ದೋಣಿಯಲ್ಲಿ ಸಹಾಯ ತರಲು ಹೋದಾಗ, ಎಲಿಫೆಂಟ್ ದ್ವೀಪದಲ್ಲಿ ಉಳಿದ 22 ಜನರ ಹೊಣೆ ವೈಲ್ಡ್ ಮೇಲೆ ಬಿತ್ತು. ಮಗುಚಿಟ್ಟ ಎರಡು ದೋಣಿಗಳೇ ಅವರ ಮನೆ. ಹಡಗು ಬರುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಇವತ್ತು ಬಾಸ್ ಬರಬಹುದು, ಸಾಮಾನು ಕಟ್ಟಿ ಅಂತ ವೈಲ್ಡ್ ಬೆಳಗಾದರೆ ಎಲ್ಲರಿಗೂ ಹೇಳುತ್ತಿದ್ದರು. ನಾಲ್ಕು ತಿಂಗಳು ದಾಟಿ, 1916ರ ಆಗಸ್ಟ್ 30ರಂದು ಹಡಗು ಬಂತು. ಮುಂದೆ ನಿಂತು ದಾರಿ ತೋರಿಸುವುದಕ್ಕಿಂತ ಇದ್ದಲ್ಲೇ ಇದ್ದು ಜನರ ಮನಸ್ಸು ಬೀಳದ ಹಾಗೆ ನೋಡಿಕೊಳ್ಳುವುದು ಕಷ್ಟ. ನಮ್ಮ ಹೆಣ್ಣುಮಕ್ಕಳ ಮನೆಗಳಲ್ಲಿ ಇಂಥ ನಾಯಕಿಯರು ಇದ್ದೇ ಇದ್ದಾರೆ, ಅದನ್ನು ಮಕ್ಕಳು ಗುರುತಿಸಲಿ.

ಪಾಲಕರಿಗೆ ಹೇಳಲು ಎರಡು ಹೆಸರು. 1984ರ ಮೇ 23ರಂದು ಎವರೆಸ್ಟ್ ಹತ್ತಿದ ಮೊದಲ ಭಾರತೀಯ ಮಹಿಳೆ ಬಚೇಂದ್ರಿ ಪಾಲ್. ಅಲ್ಲಿಗೇ ನಿಲ್ಲದೆ ಜಮ್‌ಶೆಡ್‌ಪುರದ ಟಾಟಾ ಸ್ಟೀಲ್ ಅಡ್ವೆಂಚರ್ ಫೌಂಡೇಶನ್‌ನಲ್ಲಿ ದಶಕಗಳ ಕಾಲ ಬೇರೆಯವರನ್ನು ತಯಾರು ಮಾಡಿದರು. ಕಾಲು ಕಳೆದುಕೊಂಡ ಅರುಣಿಮಾ ಸಿನ್ಹಾ 2013ರಲ್ಲಿ ಎವರೆಸ್ಟ್ ಹತ್ತಿದ್ದು ಅವರ ಮಾರ್ಗದರ್ಶನ ಪಡೆದ ಮೇಲೆ. ಇನ್ನೊಬ್ಬರು ರೀನಾ ಕೌಶಲ್ ಧರ್ಮಶಕ್ತು. ಫೆಲಿಸಿಟಿ ಆಸ್ಟನ್ ನಾಯಕತ್ವದ ಕಾಮನ್‌ವೆಲ್ತ್ ದೇಶಗಳ ಮಹಿಳಾ ತಂಡದ ಜತೆ ಸುಮಾರು 900 ಕಿ.ಮೀ. ಸ್ಕೀ ಮಾಡಿ, 2009ರ ಡಿಸೆಂಬರ್ 29ರಂದು ದಕ್ಷಿಣ ಧ್ರುವ ಮುಟ್ಟಿದರು. ಅವರೂ ಹೊರಾಂಗಣ ನಾಯಕತ್ವ ಕಲಿಸುವ ಶಿಕ್ಷಕಿಯೇ.

ಕಲಬುರಗಿ, ವೈದ್ಯ

ಮೇಡಂ, ಚಿಕ್ಕದಾಗಿ ಹೇಳುತ್ತೇನೆ. ಬರುವ ತಂಡದಲ್ಲಿ ಕಾಡುಮೇಡಿನ ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರ ಯಾರಿಗಿದೆ, ಅದರ ಅವಧಿ ಮುಗಿದಿಲ್ಲವೇ, ನೋಡಿ. ಶಿಬಿರದ ಜಾಗದಲ್ಲಿ ಇಡೀ ದಿನ ಒಂದು ವಾಹನ ನಿಂತಿರಲಿ. ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಎಷ್ಟು ಹೊತ್ತು ಬೇಕು ಅಂತ ಅವರೇ ಮೊದಲು ಹೋಗಿ ನೋಡಿ ಬರಲಿ. ಹಾವು, ಜೇನು, ಬಿಸಿಲು, ಈ ಮೂರರ ಬಗ್ಗೆ ಅವರ ಉತ್ತರ ಕೇಳಿ. ಹಿಮದಲ್ಲಿ ನುರಿತವರಿಗೆ ನಮ್ಮ ಬಿಸಿಲು ಗೊತ್ತಿರಬೇಕೆಂದೇನಿಲ್ಲ. ಮುಟ್ಟಿನ ದಿನಗಳಲ್ಲಿ ಏನು ವ್ಯವಸ್ಥೆ ಅಂತಲೂ ಕೇಳಿ.

ಮುಂದೆ ಯಾರಾದರೂ ಹಿಮಾಲಯಕ್ಕೆ ಹೋಗುತ್ತೇವೆ ಅಂದರೆ: 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬಾರದು, ತಲೆನೋವು ಮುಚ್ಚಿಡಬಾರದು. ಮತ್ತೆ, "ಹಿಂದಕ್ಕೆ ತಿರುಗುವ ಹೊತ್ತು ಯಾವುದು, ಅದನ್ನು ಯಾರು ಹೇಳುತ್ತಾರೆ?" ಅಂತ ಹೊರಡುವ ಮೊದಲೇ ಕೇಳಬೇಕು. 1996ರ ಮೇ ತಿಂಗಳಲ್ಲಿ ಎವರೆಸ್ಟ್‌ನ ಬಿರುಗಾಳಿಗೆ ಸಿಕ್ಕು ಎಂಟು ಜನ ತೀರಿಹೋದರು. ಅವರಲ್ಲಿ ರಾಬ್ ಹಾಲ್, ಸ್ಕಾಟ್ ಫಿಶರ್‌ರಂಥ ಅನುಭವಿ ಮಾರ್ಗದರ್ಶಕರೂ ಇದ್ದರು. ಹಿಂದಕ್ಕೆ ತಿರುಗಬೇಕಾದ ಹೊತ್ತು, ಮಧ್ಯಾಹ್ನ 2 ಗಂಟೆ, ದಾಟಿದ ಮೇಲೂ ಹಲವರು ಮೇಲಕ್ಕೇ ಹತ್ತುತ್ತಿದ್ದರು.

ಆಳಂದ, ಉತ್ತರಕಾಶಿಯಲ್ಲಿ ಬೇಸಿಕ್ ಕೋರ್ಸ್ ಮಾಡಿದಾಕೆ

ಅಕ್ಕಾ, ನಾನು ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ದಿಲ್ಲಿಗೆ, ಅಲ್ಲಿಂದ ಬಸ್ಸಿನಲ್ಲಿ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಗೆ ಹೋದವಳು. ಸುಮಾರು ನಾಲ್ಕು ವಾರದ ಕೋರ್ಸ್. ಮೊದಲು ತೇಖ್ಲಾದ ಬಂಡೆಗಳ ಮೇಲೆ, ಆಮೇಲೆ ಹಿಮನದಿಯ ಮೇಲೆ. ಅಲ್ಲಿ ಒಂದೊಂದು ಗುಂಪಿಗೂ "ರೋಪ್" ಅಂತಾರೆ, ಅದಕ್ಕೊಬ್ಬ ರೋಪ್ ಲೀಡರ್. ನನ್ನ ಸರದಿ ಬಂದಾಗ ನನ್ನ ಹಿಂದಿ ಅಷ್ಟಕ್ಕಷ್ಟೇ, ರೋಪ್‌ನಲ್ಲಿ ನನಗಿಂತ ದೊಡ್ಡವರಿದ್ದರು. ಶಿಕ್ಷಕರು ನನ್ನ ಬದಲು ಒಂದು ಮಾತೂ ಆಡಿಕೊಡಲಿಲ್ಲ. ಅದಕ್ಕೆ ಇವತ್ತಿಗೂ ಅವರಿಗೆ ಋಣಿ. ಈಗ ಗ್ರಾಮಸಭೆಯಲ್ಲಿ ಎದ್ದು ನೀರಿನ ಬಗ್ಗೆ ಕೇಳುವಾಗ ನನಗೆ ಹಿಂಜರಿಕೆ ಆಗುವುದಿಲ್ಲ.

ನಿಮ್ಮ ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು: ಬರುವ ತಂಡದಲ್ಲಿ ಕನ್ನಡ ಮಾತಾಡುವ ಮಹಿಳಾ ತರಬೇತುದಾರರು ಒಬ್ಬರಾದರೂ ಇರಲೇಬೇಕು ಅಂತ ಪಟ್ಟು ಹಿಡಿಯಿರಿ. ಇಂಗ್ಲಿಷ್‌ನಲ್ಲಿ ನಡೆದರೆ ಆ ಸಂಜೆಯ ಕೂಟದಲ್ಲಿ ಮಾತಾಡುವವರು ಮೊದಲೇ ಮಾತು ಬರುವವರು ಮಾತ್ರ.

ಎನ್‌ಎಸ್‌ಎಸ್ ಅಧಿಕಾರಿ, ಕಲಬುರಗಿ

ಎಲ್ಲರಿಗೂ ಮನಸಾರೆ ಧನ್ಯವಾದ. ಮೂರು ದಿನದವರ ಜತೆ ನಿನ್ನೆ ಫೋನಿನಲ್ಲಿ ಮಾತಾಡಿದೆ. ದಿನಕ್ಕೊಬ್ಬ ವಿದ್ಯಾರ್ಥಿ ನಾಯಕರು, ಸಂಜೆಯ ಕೂಟ, ಮಹಿಳಾ ತರಬೇತುದಾರರು, ಮೂರಕ್ಕೂ ಒಪ್ಪಿದ್ದಾರೆ. ಮೊದಲ ರಾತ್ರಿ ಅಂಟಾರ್ಕ್ಟಿಕಾದ ಕಥೆಯನ್ನೂ ಹೇಳುತ್ತಾರಂತೆ, ಮಾಸ್ತರೇ. ನಲವತ್ತರ ಬದಲು ಇಪ್ಪತ್ತರ ಎರಡು ತಂಡ ಮಾಡಿ ಅಂದರು, ಅದಕ್ಕೆ ಮಂಡಳಿಯವರನ್ನು ಒಪ್ಪಿಸಬೇಕು. ಒಂದು ದಿನ ಚಿಂಚೋಳಿ ಕಾಡಿನಲ್ಲಿ, ಚಂದ್ರಂಪಳ್ಳಿ ಕಡೆ ನಡೆಸಬೇಕಂತಿದ್ದೇವೆ. ವನ್ಯಧಾಮವಾದ್ದರಿಂದ ಅರಣ್ಯ ಇಲಾಖೆಯ ಅನುಮತಿ ಬೇಕು. ಕಾಲೇಜಿನ ಹೆಸರಲ್ಲಿ ಅನುಮತಿ ಪಡೆದವರಿದ್ದರೆ, ಎಷ್ಟು ದಿನ ಮೊದಲು ಅರ್ಜಿ ಕೊಟ್ಟಿರಿ, ಜತೆಗೆ ಏನೇನು ಕಾಗದ ಇಟ್ಟಿರಿ ಅಂತ ತಿಳಿಸುತ್ತೀರಾ?