ಅಬಾರ್ಷನ್ ಆಗಿ ತಿಂಗಳುಗಳಾದರೂ ಹೆದರಿಕೆ ಹೋಗ್ತಾ ಇಲ್ಲ. ಕನ್ನಡದಲ್ಲಿ ಮಾತಾಡುವವರು ಸಿಗ್ತಾರಾ?

ಬದಿಯಡ್ಕದವಳು:
ಮಾರ್ಚ್‌ನಲ್ಲಿ, ಮೂರನೇ ತಿಂಗಳಿಗೆ ಮಗು ಹೋಯಿತು. ಸ್ಕ್ಯಾನಿಂಗ್‌ನಲ್ಲಿ ಹಾರ್ಟ್‌ಬೀಟ್ ಇಲ್ಲ ಅಂದರು, ಡಿ ಆಂಡ್ ಸಿ (ಗರ್ಭಕೋಶ ಕ್ಲೀನ್ ಮಾಡುವುದು) ಮಾಡಿದರು. ಈಗಲೂ ಬಾತ್‌ರೂಮಿಗೆ ಹೋದಾಗಲೆಲ್ಲ ಬಟ್ಟೆಯಲ್ಲಿ ಕಲೆ ಉಂಟಾ ಅಂತ ನೋಡುತ್ತೇನೆ. ಬಸುರಿಯೇ ಅಲ್ಲ, ಮತ್ತೆ ಎಂತ ನೋಡುವುದು? ಆದರೂ ನೋಡುತ್ತೇನೆ. ನಡುರಾತ್ರಿ ಎಚ್ಚರವಾದರೆ ಎದೆ ಡವಡವ, ಅಂಗೈಯೆಲ್ಲ ಬೆವರು. ಫೋನಿನ ಆ್ಯಪ್ ಡಿಲೀಟ್ ಮಾಡಿದೆ. "ಈ ವಾರ ನಿಮ್ಮ ಮಗು ಇಷ್ಟು ದೊಡ್ಡದು" ಅಂತ ಮೇಲ್ ಬರುವುದು ಮಾತ್ರ ನಿಂತಿಲ್ಲ.

ಅತ್ತೆ ಕೆಟ್ಟವರಲ್ಲ. ಆದರೆ ಮನೆಗೆ ಬಂದವರ ಹತ್ತಿರ "ಅವಳು ಆಗ ಅನಾನಸು ತಿಂದಿದ್ದಳು" ಅನ್ನುತ್ತಾರೆ. ಮುಂದಿನ ತಿಂಗಳು ನಾದಿನಿಯ ಸೀಮಂತ. ಹೋಗದಿದ್ದರೆ ಹೊಟ್ಟೆಕಿಚ್ಚು ಅಂತಾರೆ. ಇವರು "ಇನ್ನೊಂದು ಆಗ್ತದೆ ಬಿಡು" ಅಂತ ಹೇಳಿ ತೋಟಕ್ಕೆ ಹೋಗುತ್ತಾರೆ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆ. ಇಲ್ಲಿ ಒಬ್ಬರು ಕೌನ್ಸೆಲರ್ ಹತ್ತಿರ ಹೋದೆ. ಅವರಿಗೆ ಮಲಯಾಳಂ ಮಾತ್ರ. ಬಸ್ಸಿಗೆ, ಅಂಗಡಿಗೆ, ರೇಷನ್ ಕಾರ್ಡಿಗೆ ನನ್ನ ಮಲಯಾಳಂ ಸಾಕು. ಇದನ್ನೆಲ್ಲ ಹೇಳಲಿಕ್ಕೆ ಸಾಲುವುದಿಲ್ಲ. ಮಂಗಳೂರಿಗೆ ಹೋಗಬೇಕಾದರೆ ಮನೆಯಲ್ಲಿ ಕಾರಣ ಹೇಳಬೇಕು. ಬೇರೆ ದಾರಿ ಉಂಟಾ?

ಉಪ್ಪಳದ ಅಕ್ಕ:
ತಂಗೀ, ನನಗೂ ಆಗಿತ್ತು. ಮೊದಲು ಆ ಅನಾನಸಿನ ಮಾತು. ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಸುಮಾರು ಅರ್ಧಕ್ಕೆ ಕ್ರೋಮೋಸೋಮ್ ಸರಿಯಾಗಿ ಕೂಡದೇ ಇರುವುದು ಕಾರಣ. ಅದು ಯಾರ ಕೈಯಲ್ಲೂ ಇಲ್ಲ. ನಾನು ಹೇಳಿದರೆ ನಮ್ಮ ಮನೆಯಲ್ಲಿ ಯಾರು ನಂಬ್ತಾರೆ? ಅತ್ತೆಯನ್ನೇ ಕರೆದುಕೊಂಡು ಹೋಗಿ ಡಾಕ್ಟರ್ ಬಾಯಿಂದ ಹೇಳಿಸಿದೆ. ಆಮೇಲೆ ಆ ಸುದ್ದಿ ಬರಲಿಲ್ಲ. ಸೀಮಂತಕ್ಕೆ ಊಟದ ಹೊತ್ತಿಗೆ ಹೋಗಿ, ಸೀರೆ ಕೊಟ್ಟು, ಬಸ್ಸು ತಪ್ತದೆ ಅಂತ ಎದ್ದು ಬನ್ನಿ. ಹೋಗದಿದ್ದರೂ ಏನೂ ಮುಳುಗಿ ಹೋಗುವುದಿಲ್ಲ.

ವಾರ್ಡ್ ಸಿಸ್ಟರ್:
14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, 2022ರಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ. ದುಡ್ಡಿಲ್ಲ, ದಿನವಿಡೀ ಇರುತ್ತದೆ, ಭಾಷೆ ಆರಿಸುವಾಗ ಕನ್ನಡವೂ ಉಂಟು. ಮನೆಯಲ್ಲಿ ಯಾರಿಗೂ ಕಾರಣ ಹೇಳಬೇಕಾಗಿಲ್ಲ.

ಇನ್ನೊಂದು, ಇದನ್ನು ಜಾಸ್ತಿ ಜನ ಬಿಟ್ಟುಬಿಡ್ತಾರೆ. ಎದೆ ಬಡಿತ, ಬೆವರು ಬರೀ ಮನಸ್ಸಿನದೇ ಆಗಬೇಕೆಂದಿಲ್ಲ. ಅಬಾರ್ಷನ್ ಆದ ಮೇಲೂ ಥೈರಾಯ್ಡ್ ಏರುಪೇರಾಗಬಹುದು, ರಕ್ತ ಕಡಿಮೆ ಇರಬಹುದು. ಥೈರಾಯ್ಡಿಗೆ ಟಿಎಸ್‌ಎಚ್, ರಕ್ತಕ್ಕೆ ಹಿಮೋಗ್ಲೋಬಿನ್, ಎರಡೂ ಟೆಸ್ಟ್ ಮಾಡಿಸಿ. ಅದು ಸರಿ ಇದ್ದೂ ನಿದ್ದೆ ಇಲ್ಲದಿದ್ದರೆ ಮನೋವೈದ್ಯರನ್ನು ನೋಡಿ. ಮುಂದೆ ಮಗು ಬೇಕು ಅಂತ ಇದ್ದರೆ ಮೊದಲೇ ಹೇಳಿ, ಅದಕ್ಕೆ ಹೊಂದುವ ಮಾತ್ರೆ ಕೊಡ್ತಾರೆ. ಸಾಯಬೇಕು ಅನ್ನಿಸಿದರೆ ಮಾತ್ರ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ.

ಅಡಿಕೆ ತೋಟದವ:
ಗಂಡಸರು ಬರೆಯಬಹುದಾ? ನಿಮ್ಮವರು ತೋಟಕ್ಕೆ ಹೋಗುವುದು ಬೇಸರ ಇಲ್ಲದೆ ಅಂತ ತಿಳ್ಕೊಳ್ಳಬೇಡಿ. ನಮಗೂ ಹೋಗಿತ್ತು. ಮದ್ದು ಬಿಡುವ ಪಂಪಿನ ಸದ್ದಿನಲ್ಲಿ ಅತ್ತರೆ ಯಾರಿಗೂ ಕೇಳುವುದಿಲ್ಲ. ಅವರಿಗೆ ಇದನ್ನು ಓದಲು ಕೊಡಿ.

ಕೆಲಸದವಳು:
ಕೆಲಸಕ್ಕೆ ಹೋಗುವವರಿಗೆ ಒಂದು ಮಾತು. ಹೆರಿಗೆ ಸೌಲಭ್ಯದ ಕಾನೂನಿನಲ್ಲಿ ಗರ್ಭಪಾತಕ್ಕೂ 6 ವಾರ ಸಂಬಳದ ರಜೆ ಉಂಟು. ಡಾಕ್ಟರ್ ಸರ್ಟಿಫಿಕೇಟ್ ಬೇಕು. ಆದ ಮರುದಿನದಿಂದಲೇ ಲೆಕ್ಕ, ಹಾಗಾಗಿ ಆಗಲೇ ಕೇಳಬೇಕು. ಮತ್ತೆ ಆ ಮೇಲ್‌ನ ಕೆಳಗೆ ಸಣ್ಣ ಅಕ್ಷರದಲ್ಲಿ ನಿಲ್ಲಿಸುವ ಲಿಂಕ್ ಇರ್ತದೆ, ನೋಡಿ.

ಬದಿಯಡ್ಕದವಳು:
ಮೇಲ್ ನಿಲ್ಲಿಸಿದೆ. ಇವರಿಗೆ ಓದಲು ಕೊಟ್ಟೆ, ಎಂತದೂ ಹೇಳಲಿಲ್ಲ, ಆದರೆ ಪೂರ್ತಿ ಓದಿದರು. ನಾಳೆ ಲ್ಯಾಬಿಗೆ ಅವರೇ ಕರ್ಕೊಂಡು ಹೋಗ್ತಾರಂತೆ. ಸಿಸ್ಟರ್, ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ?

ವಾರ್ಡ್ ಸಿಸ್ಟರ್:
ಈ ಎರಡಕ್ಕೆ ಬೇಡ. ತಿಂಡಿ ತಿಂದೇ ಹೋಗಿ.