ಗೇಟ್ ತೆಗೆದರೆ ನಮ್ಮೂರಿಗೆ ಎಷ್ಟು ನೀರು?

ಪ್ರಶ್ನೆ: ಸರ್, ನಮ್ದು ತುಂಗಭದ್ರಾ ಡ್ಯಾಂ ಕೆಳಗೆ, ಕಂಪ್ಲಿ ಕಡೆ ಹೊಳೆದಂಡೆ ಊರು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟ್ ಕೊಚ್ಚಿಹೋದಾಗ ಮೊಬೈಲಲ್ಲಿ ‘ಡ್ಯಾಂ ಒಡೀತು’ ಅಂತ ಬಂತು. ಅರ್ಧ ಊರು ಗುಡ್ಡ ಹತ್ತಿತು, ಇನ್ನರ್ಧ ಮಲಗಿತ್ತು. ಈಗ ನಾನು ಪಂಚಾಯ್ತಿ ಮೆಂಬರ್. ‘1 ಲಕ್ಷ ಕ್ಯುಸೆಕ್ ಬಿಡ್ತಾರೆ, ಎಚ್ಚರ’ ಅಂತ ಮೆಸೇಜ್ ಬಂದರೆ ತಲೆಬುಡ ತಿಳಿಯಲ್ಲ. ಮಳೆಗಾಲಕ್ಕೆ ಮುಂಚೆ ಏನು ಮಾಡಿಟ್ಕೋಬೇಕು?

ಉತ್ತರ (ನಿವೃತ್ತ ನೀರಾವರಿ ಎಂಜಿನಿಯರ್): ಮೊದಲು ಆ ರಾತ್ರಿಯ ವಿಷಯ. ಗೇಟ್ ಹೋಗುವುದು ಬೇರೆ, ಡ್ಯಾಂ ಒಡೆಯುವುದು ಬೇರೆ. 33 ಗೇಟುಗಳಲ್ಲಿ ಒಂದರ ಚೈನ್ ತುಂಡಾಯಿತು. 60 ಅಡಿ ಅಗಲ, 20 ಅಡಿ ಎತ್ತರದ ಬಾಗಿಲು ಅದು. ಅಲ್ಲಿಂದ ಹೋಗುವುದು ಹೊಸ್ತಿಲ ಮೇಲಿನ ನೀರು ಮಾತ್ರ. ಕೆಳಗಿನದು ಗೋಡೆಯ ಹಿಂದೆಯೇ ನಿಲ್ಲುತ್ತದೆ. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಿದ್ದರಿಂದ ಹೊಳೆಗೆ ಸುಮಾರು 1 ಲಕ್ಷ ಕ್ಯುಸೆಕ್ ಬಂತು. ಅದಕ್ಕಿಂತ ಹೆಚ್ಚು ನೀರನ್ನು ನಿಮ್ಮ ಹೊಳೆ 2019ರಲ್ಲೇ ಕಂಡಿದೆ. ಹೆದರಿದ್ದು ತಪ್ಪಲ್ಲ, ಆದರೆ ಅರ್ಧ ಊರು ಮಲಗಿತ್ತು ಅಂದಿರಲ್ಲ, ನನಗೆ ಭಯ ಆಗಿದ್ದು ಅದನ್ನು ಓದಿ.

1 ಲಕ್ಷ ಕ್ಯುಸೆಕ್ ಅಂದರೆ ಸೆಕೆಂಡಿಗೆ 28 ಲಕ್ಷ ಲೀಟರ್. ಇದನ್ನು ಹೇಳಿದರೂ ನಿಮಗೇನೂ ತಿಳಿಯಲ್ಲ, ಗೊತ್ತು. ನಿಮಗೆ ಬೇಕಾದ್ದು ನೀರು ಯಾವ ಮೆಟ್ಟಿಲಿಗೆ ಬರುತ್ತೆ, ಎಷ್ಟು ಹೊತ್ತಿಗೆ ಬರುತ್ತೆ ಎನ್ನುವುದು. ಅದನ್ನು ನೀವೇ ಬರೆದುಕೊಳ್ಳಬೇಕು. ಗೇಟ್ ಎತ್ತಿದಾಗಲೆಲ್ಲ ಹೊರಹರಿವು ಎಷ್ಟು, ಎತ್ತಿದ್ದು ಎಷ್ಟು ಗಂಟೆಗೆ, ನಿಮ್ಮ ಸ್ನಾನಘಟ್ಟಕ್ಕೆ ನೀರು ಮುಟ್ಟಿದ್ದು ಎಷ್ಟು ಗಂಟೆಗೆ, ಎಷ್ಟನೇ ಮೆಟ್ಟಿಲು ಮುಳುಗಿತು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಎರಡು ಮಳೆಗಾಲ ಬರೆದರೆ ಯಾವ ಆಫೀಸಿನಲ್ಲೂ ಸಿಗದ ಲೆಕ್ಕ ನಿಮ್ಮ ಕೈಲಿರುತ್ತದೆ. ಹಂಪಿಯಲ್ಲಿ ಪುರಂದರ ಮಂಟಪ ಮುಳುಗಿತೇ ಅಂತ ಕೇಳಿ ನೀರಿನ ಅಂದಾಜು ಹಾಕುವುದಿಲ್ಲವೇ, ಹಾಗೇ. ನಾನು ಕಂಡ ಒಂದೂರಿನಲ್ಲಿ ಹರಿಗೋಲು ಹಾಕುವ ಮುದುಕರೊಬ್ಬರು ಬಂಡೆ ಮೇಲೆ ಉಳಿಯಿಂದ ಮೂರು ಗೆರೆ ಕೊರೆದಿದ್ದರು. ಮೊದಲ ಗೆರೆಗೆ ಮೋಟಾರು ಎತ್ತೋದು, ಎರಡನೆಯದಕ್ಕೆ ದನ, ಮೂರನೆಯದಕ್ಕೆ ಕೆಳಗೇರಿ ಖಾಲಿ.

ಮೋಟಾರಿನ ಮಾತು ಬಂತು, ಹೇಳಿಬಿಡ್ತೀನಿ. ನೀರು ಏರುವಾಗ ಪಂಪ್‌ಸೆಟ್ ತರಲು ಹೊಳೆಗೆ ಇಳಿಯುವವರೇ ಸಿಕ್ಕಿಹಾಕಿಕೊಳ್ಳುವುದು. ಎಚ್ಚರಿಕೆ ಬಂದ ದಿನ ಹಗಲಲ್ಲೇ ಎತ್ತಿಸಿ.

ಇನ್ನೊಂದು: 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಪ್ರಕಾರ ಡ್ಯಾಂ ನೋಡಿಕೊಳ್ಳುವವರು ತುರ್ತು ಕ್ರಿಯಾ ಯೋಜನೆ ಮಾಡಲೇಬೇಕು. ಯಾವ ಊರಿಗೆ ಎಲ್ಲಿವರೆಗೆ ನೀರು ಬರಬಹುದು ಎನ್ನುವ ಮುಳುಗಡೆ ನಕ್ಷೆ ಬೇಕು ಅಂತ ಗ್ರಾಮಸಭೆಯಲ್ಲಿ ಠರಾವು ಮಾಡಿ ತಹಸೀಲ್ದಾರರಿಗೆ ಕೊಡಿ.

ಮರುಪ್ರಶ್ನೆ: ಗುಡಿ ಮೈಕಲ್ಲಿ ಕೂಗಿದರೆ ಸಾಲದಾ ಸರ್?

ಉತ್ತರ: ಪ್ರವಾಹದಲ್ಲಿ ಮೊದಲು ಹೋಗುವುದೇ ಕರೆಂಟು. ಬ್ಯಾಟರಿ ಇದ್ದರೆ ಗುಡಿ, ಮಸೀದಿ ಎರಡರ ಮೈಕೂ ಸರಿ. ಇಲ್ಲದಿದ್ದರೆ ಡಂಗುರವೇ ಗಟ್ಟಿ. ಆದರೆ ಸುದ್ದಿ ಖಾತ್ರಿ ಮಾಡುವವರು ಒಬ್ಬರೇ ಇರಲಿ. ಅವರು ಜಿಲ್ಲೆಯ ಸಹಾಯವಾಣಿ 1077ಕ್ಕೆ ಫೋನ್ ಮಾಡಿ ಕೇಳಿದ ಮೇಲೇ ಡಂಗುರ.

ಇನ್ನೊಬ್ಬ ಸದಸ್ಯೆ: ನಮ್ಮ ಸಂಘದ ಹೆಂಗಸರು ಮನೆಮನೆಗೆ ಹೋಗಿ ಕರೆದರೂ ಕಾಳಜಿ ಕೇಂದ್ರಕ್ಕೆ ಬರಲ್ಲ ಅಂತಾರೆ ಸರ್. ಹಟ.

ಉತ್ತರ: ಹಟ ಅಲ್ಲಮ್ಮ, ಎಮ್ಮೆ. ಕರೆಯುವ ಹಾಳೆಯಲ್ಲಿ ಎಮ್ಮೆಗೆ ಜಾಗ ಎಲ್ಲಿ ಅಂತ ಬರೆದಿರುವುದೇ ಇಲ್ಲ. ಎತ್ತರದ ಜಾಗದಲ್ಲಿ ಗೂಟ, ಎರಡು ದಿನದ ಮೇವು ತೋರಿಸಿ. ಜನ ತಾವಾಗಿ ಹಿಂದೆ ಬರ್ತಾರೆ. ಮುದುಕರು, ಬಾಣಂತಿಯರ ಪಟ್ಟಿ ನಿಮ್ಮ ಸಂಘದ ಹತ್ತಿರವೇ ಇರಲಿ, ನಿಮಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲ್ಲ. ಅಂದಹಾಗೆ ಕಾಳಜಿ ಕೇಂದ್ರ ಯಾವುದು?

ಸದಸ್ಯೆ: ಸರ್ಕಾರಿ ಶಾಲೆ. ಬೀಗದಕೈ ಹೆಡ್‌ಮಾಸ್ಟರ್ ಹತ್ತಿರ. ಅವರು ಗಂಗಾವತಿಯಿಂದ ಓಡಾಡ್ತಾರೆ.

ಉತ್ತರ: ಹೊಳೆ ಬಂದರೆ ಕಂಪ್ಲಿ–ಗಂಗಾವತಿ ಸೇತುವೆ ಮೇಲೇ ನೀರು ಹರಿಯುತ್ತಲ್ಲ! ಬೀಗದಕೈ ಆಚೆ ದಡ, ನೀವು ಈಚೆ ದಡ. ನಾಳೆಯೇ ಅವರ ಒಪ್ಪಿಗೆ ತಗೊಂಡು ಇನ್ನೊಂದು ಮಾಡಿಸಿ.